ಮುಗಿಯದ ಕೆಲಸದ ಲೆಕ್ಕ: ಅಧ್ಯಾಪಕರು, ಸಂಶೋಧಕರು ದಣಿಯುವುದು ಏಕೆ, ಮಾಡಬಹುದಾದದ್ದೇನು

ವಿಶ್ವವಿದ್ಯಾಲಯದ ಕೆಲಸಕ್ಕೆ ಇಲ್ಲಿಗೆ ಮುಗಿಯಿತು ಎಂಬ ಗೆರೆ ಇಲ್ಲ. ನಾಳೆಯ ತರಗತಿಗೆ ಎರಡು ಗಂಟೆ ತಯಾರಿ ಮಾಡಿದ್ದರೂ ಇನ್ನೊಂದು ಗಂಟೆ ಕೂತರೆ ಪಾಠ ಇನ್ನಷ್ಟು ಚೆನ್ನಾಗುತ್ತದೆ. ಬರೆದಿಟ್ಟ ಸಂಶೋಧನಾ ಪೇಪರನ್ನು ಮತ್ತೊಮ್ಮೆ ತಿದ್ದಬಹುದು. ಓದದೆ ಉಳಿದ ಪೇಪರುಗಳಂತೂ ಯಾವತ್ತೂ ಇದ್ದೇ ಇರುತ್ತವೆ. ಸಾಲದ್ದಕ್ಕೆ ಕೆಲಸ ಹಚ್ಚುವವರೂ ಒಬ್ಬರಲ್ಲ: ವಿದ್ಯಾರ್ಥಿಗಳು, ವಿಭಾಗದ ಮುಖ್ಯಸ್ಥರು, ಜರ್ನಲ್ ಸಂಪಾದಕರು, ಅನುದಾನ ಕೊಟ್ಟ ಸಂಸ್ಥೆ, ಜೊತೆಗೆ ಬರೆಯುವ ಸಹಲೇಖಕರು. ಇವರಲ್ಲಿ ಪ್ರತಿಯೊಬ್ಬರೂ ಕೇಳುವುದು ನ್ಯಾಯವಾದದ್ದೇ. ಉಳಿದವರು ಎಷ್ಟು ಕೇಳಿದ್ದಾರೆ ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ. ಎಲ್ಲವನ್ನೂ ಕೂಡಿಸಿ ನೋಡಬಲ್ಲವರು ಆ ಅಧ್ಯಾಪಕರೊಬ್ಬರೇ, ಆದರೆ ಅವರೂ ಸಾಮಾನ್ಯವಾಗಿ ಕೂಡಿಸಿ ನೋಡಿರುವುದಿಲ್ಲ.

ದಣಿವಿನ ಮಾತು ಬಂದಾಗಲೆಲ್ಲ ಸಮಯಪಾಲನೆಯ ಉಪದೇಶ ಶುರುವಾಗುವುದು ಈ ಕಾರಣಕ್ಕೇ. ಒಟ್ಟು ಎಷ್ಟು ಎಂಬುದು ಗೊತ್ತಿಲ್ಲದಿರುವಾಗ ತಪ್ಪು ವ್ಯಕ್ತಿಯದ್ದೇ ಎಂದು ತೋರುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಸುಸ್ತು ಬೇರೆ, ಬರ್ನ್‌ಔಟ್ ಬೇರೆ

ಒಂದು ವಾರ ಉತ್ತರಪತ್ರಿಕೆ ತಿದ್ದಿ ಸುಸ್ತಾದವರು ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಚೇತರಿಸಿಕೊಳ್ಳುತ್ತಾರೆ. ಬರ್ನ್‌ಔಟ್ ಹಾಗೆ ಇಳಿಯುವುದಿಲ್ಲ. 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರ ಸ್ಥಿತಿಯನ್ನು ಈ ಹೆಸರಿನಲ್ಲಿ ವಿವರಿಸಿದರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅದರ ಪ್ರಕಾರ ಬರ್ನ್‌ಔಟ್‌ಗೆ ಮೂರು ಮುಖಗಳಿವೆ: ಶಕ್ತಿ ಬರಿದಾಗುವುದು, ಕೆಲಸದಿಂದ ಮತ್ತು ಜನರಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದರಿಂದ ಏನೂ ಆಗುತ್ತಿಲ್ಲ ಎನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿಯೂ ಇದೇ ಮೂರು ಇವೆ. ಅಲ್ಲಿ ಬರ್ನ್‌ಔಟನ್ನು ರೋಗವೆಂದು ಕರೆದಿಲ್ಲ; ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದೊತ್ತಡದಿಂದ ಬರುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಕಾರಣವನ್ನು ಕೆಲಸದೊಳಗೇ ಹುಡುಕಬೇಕು ಎಂಬುದು ಇದರಿಂದ ಸ್ಪಷ್ಟ.

ಅಧ್ಯಾಪಕರಲ್ಲಿ ಎರಡನೆಯ ಮುಖ ಮೊದಲು ಕಾಣಿಸುವುದುಂಟು. ವಿದ್ಯಾರ್ಥಿಯ ಹೆಸರು ಇನ್‌ಬಾಕ್ಸ್‌ನಲ್ಲಿ ಕಂಡ ಕೂಡಲೇ ಕಿರಿಕಿರಿ, ಉತ್ತರಪತ್ರಿಕೆಯ ಅಂಚಿನ ಟಿಪ್ಪಣಿಗಳಲ್ಲಿ ಹೆಚ್ಚುತ್ತಾ ಹೋಗುವ ಬಿರುಸು, ಜರ್ನಲ್‌ಗೆ ಕಳಿಸಿದ ಪೇಪರಿನ ರಿವ್ಯೂ (ಇತರ ತಜ್ಞರ ವಿಮರ್ಶೆ) ಬಂದ ಮೇಲ್ ತೆರೆಯಲು ಹಲವು ದಿನ ಹಿಂಜರಿಕೆ, ತಾವೇ ಇಷ್ಟಪಟ್ಟು ಆರಿಸಿಕೊಂಡ ವಿಷಯದ ಹೊಸ ಪೇಪರ್ ಕಂಡರೂ ಶೀರ್ಷಿಕೆಯಿಂದಾಚೆ ಹೋಗದಿರುವುದು. ಇವು ಸ್ವಭಾವ ಕೆಟ್ಟಿತೆಂಬ ಲಕ್ಷಣಗಳಲ್ಲ. ಉಳಿದಿರುವ ಸ್ವಲ್ಪ ಶಕ್ತಿಯನ್ನು ಕಾಪಾಡಿಕೊಳ್ಳಲು ಮನಸ್ಸು ಹೀಗೆ ಬೇಲಿ ಹಾಕಿಕೊಳ್ಳುತ್ತದೆ.

ಒಂದು ಸೆಮಿಸ್ಟರ್‌ನ ಗಂಟೆಗಳು

16 ವಾರಗಳ ಒಂದು ಸೆಮಿಸ್ಟರ್ ತೆಗೆದುಕೊಳ್ಳೋಣ. ವಾರಕ್ಕೆ 45 ಗಂಟೆಯಂತೆ ಒಟ್ಟು 720 ಗಂಟೆ ಕೈಯಲ್ಲಿದೆ. ಎರಡು ಕೋರ್ಸ್, ಒಂದು ಹಳೆಯದು, ಒಂದು ಹೊಸದು. ನೂರು ವಿದ್ಯಾರ್ಥಿಗಳು. ನಾಲ್ವರು ಪಿಎಚ್‌.ಡಿ. ಸಂಶೋಧಕರು. ಇದು ಉದಾಹರಣೆಯ ಲೆಕ್ಕ; ನಿಮ್ಮ ಅಂಕಿಗಳನ್ನು ಹಾಕಿಕೊಂಡು ಮತ್ತೆ ಕೂಡಿಸಿ.

ತರಗತಿ: ವಾರಕ್ಕೆ 3 ಗಂಟೆಯ ಎರಡು ಕೋರ್ಸ್, 96 ಗಂಟೆ.
ಹಳೆಯ ಕೋರ್ಸಿನ ತಯಾರಿ, ತರಗತಿಯ ಒಂದು ಗಂಟೆಗೆ ಒಂದರಂತೆ: 48.
ಹೊಸ ಕೋರ್ಸಿನ ತಯಾರಿ, ಒಂದಕ್ಕೆ ಮೂರರಂತೆ: 144.
ಮೌಲ್ಯಮಾಪನ, ಒಬ್ಬರಿಗೆ 15 ನಿಮಿಷದ ಎರಡು ಅಸೈನ್‌ಮೆಂಟ್, 25 ನಿಮಿಷದ ಅಂತಿಮ ಪತ್ರಿಕೆ: ಸುಮಾರು 92.
ವಿದ್ಯಾರ್ಥಿಗಳ ಭೇಟಿ, ವಾರಕ್ಕೆ 3 ಗಂಟೆ: 48.
ಸಂಶೋಧಕರ ಮಾರ್ಗದರ್ಶನ, ತಲಾ ವಾರಕ್ಕೆ ಒಂದು ಗಂಟೆ ಭೇಟಿ, ಒಂದು ಗಂಟೆ ಓದು: 128.
ಸಮಿತಿ, ಮೀಟಿಂಗ್: 48.
ಇಮೇಲ್, ಕಾಗದಪತ್ರ, ದಿನಕ್ಕೊಂದು ಗಂಟೆ: 80.
ಜರ್ನಲ್‌ಗಳಿಗೆ ನಾಲ್ಕು ರಿವ್ಯೂ, ತಲಾ 6 ಗಂಟೆ: 24.
ಶಿಫಾರಸು ಪತ್ರಗಳು: 10.

ಒಟ್ಟು 718. ಸ್ವಂತ ಸಂಶೋಧನೆಗೆ ಇಡೀ ಸೆಮಿಸ್ಟರ್‌ನಲ್ಲಿ ಉಳಿದದ್ದು ಎರಡು ಗಂಟೆ. ಅನುದಾನದ ಅರ್ಜಿ, ಸಮ್ಮೇಳನ, ಜ್ವರದ ಮೂರು ದಿನ ಯಾವುದೂ ಇದರಲ್ಲಿ ಸೇರಿಲ್ಲ. ಹೀಗಿದ್ದರೂ ಬಡ್ತಿಗೆ ನೋಡುವುದು ಬಹುಪಾಲು ಪ್ರಕಟಣೆಗಳನ್ನು. ವಾರಕ್ಕೆ 10 ಗಂಟೆಯಾದರೂ ಸಂಶೋಧನೆಗೆ ಬೇಕೆಂದರೆ ಮೊತ್ತ 878 ಆಗುತ್ತದೆ, ಅಂದರೆ ವಾರಕ್ಕೆ ಸುಮಾರು 55 ಗಂಟೆ. ಆ ಹೆಚ್ಚುವರಿ ಗಂಟೆಗಳು ಬರುವುದು ರಾತ್ರಿಯಿಂದ ಮತ್ತು ಭಾನುವಾರದಿಂದ.

55 ಎಂಬ ಅಂಕಿಗೆ ತೂಕವಿದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಇನ್ನು ಮನೆಯ ಕಡೆಯ ಲೆಕ್ಕ. ವಾರದಲ್ಲಿ 168 ಗಂಟೆ. ನಿದ್ದೆ 56, ಕೆಲಸ 55, ಓಡಾಟ 7, ಊಟ-ಸ್ನಾನ 14, ಮನೆಗೆಲಸ ಮತ್ತು ಮಕ್ಕಳ, ಹಿರಿಯರ ಆರೈಕೆ 28. ಉಳಿಯುವುದು 8 ಗಂಟೆ. ಸ್ನೇಹಿತರು, ವ್ಯಾಯಾಮ, ಸುಮ್ಮನೆ ಕೂರುವುದು ಎಲ್ಲಕ್ಕೂ ಅಷ್ಟೇ. ಆರೈಕೆಯ ಗಂಟೆಗಳು ಇನ್ನಷ್ಟು ಏರಿದರೆ, ಹೆಚ್ಚಿನ ಮನೆಗಳಲ್ಲಿ ಅದು ಏರುವುದು ಹೆಂಗಸರ ಪಾಲಿಗೆ, ಕೊರತೆ ತುಂಬಲು ಉಳಿದಿರುವುದು ನಿದ್ದೆ ಮಾತ್ರ. ನಿದ್ದೆಯಿಂದ ಕಡ ತರುವುದು ಮೋಸದ ವ್ಯವಹಾರ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 14 ದಿನ ರಾತ್ರಿಗೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿಯಿತು. ತಾವು ಇಷ್ಟು ಕುಸಿದಿದ್ದೇವೆ ಎಂಬ ಅರಿವು ಅವರಿಗೆ ಇರಲಿಲ್ಲ. ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೀರಿ ಎಂದರೆ ಕಾರಣ ಪುಟದಲ್ಲಿ ಇರಲಿಕ್ಕಿಲ್ಲ.

ಗಂಟೆ ಸಿಕ್ಕಿದರೂ ಬರವಣಿಗೆ ಸಾಗದಿರುವುದು

ಎರಡು ತರಗತಿಗಳ ನಡುವೆ 40 ನಿಮಿಷ, ಮೀಟಿಂಗ್‌ಗೆ ಮುಂಚೆ 25 ನಿಮಿಷ. ಕೂಡಿಸಿದರೆ ದಿನಕ್ಕೆ ಒಂದು ಗಂಟೆಗೂ ಮೀರಿ ಇದೆ, ಆದರೂ ಪೇಪರ್ ಒಂದು ಸಾಲು ಮುಂದೆ ಹೋಗುವುದಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಅದರಲ್ಲೂ ಹಿಂದಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಅಂಟು ಗಟ್ಟಿ. ಅಧ್ಯಾಪಕರ ಕೆಲಸ ಯಾವಾಗಲೂ ಅರ್ಧಕ್ಕೇ ನಿಲ್ಲುವಂಥದ್ದು.

ಹಾಗಾಗಿ ಚೂರು ಸಮಯಕ್ಕೆ ಚೂರು ಕೆಲಸಗಳನ್ನೇ ಹಾಕಬೇಕು: ಮೇಲ್, ಫಾರ್ಮ್, ಅಂಕ ತುಂಬುವುದು. ಬರವಣಿಗೆಗೆ ವಾರದಲ್ಲಿ ಮೂರು ಸಲ 90 ನಿಮಿಷ ಬೇಕು, ಅದೂ ತಲೆ ಚುರುಕಾಗಿರುವ ಹೊತ್ತಿನಲ್ಲಿ. ಸೆಮಿಸ್ಟರ್ ಶುರುವಾಗುವ ಮುಂಚೆಯೇ ವೇಳಾಪಟ್ಟಿಯಲ್ಲಿ ಅದನ್ನು ತರಗತಿಯಂತೆಯೇ ಗುರುತು ಹಾಕಿ. ಆ ಹೊತ್ತಿಗೆ ಮೀಟಿಂಗ್ ಕೇಳಿದರೆ "ಆಗ ಬೇರೆ ಕೆಲಸ ನಿಗದಿಯಾಗಿದೆ" ಎಂಬ ಉತ್ತರ ಸಾಕು, ಏನೆಂದು ವಿವರಿಸುವ ಅಗತ್ಯವಿಲ್ಲ. ಪ್ರತಿ ಸಲ ಏಳುವ ಮುಂಚೆ ಮುಂದಿನ ಹೆಜ್ಜೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ. "ಪೇಪರ್ ಮುಂದುವರಿಸು" ಎಂದು ಬರೆದರೆ ಉಪಯೋಗವಿಲ್ಲ. "ಎರಡನೇ ಕೋಷ್ಟಕದ ಕೆಳಗಿನ ವಿವರಣೆಯ ಪ್ಯಾರಾ" ಎಂದು ಬರೆದರೆ ಮುಂದಿನ ಸಲ ಕೂತ ಐದು ನಿಮಿಷದಲ್ಲಿ ಬೆರಳು ಓಡುತ್ತದೆ.

ಎಲ್ಲಿ ಕತ್ತರಿಸಬಹುದು

ಮೌಲ್ಯಮಾಪನ ಅಂದಾಜು ಮೀರುವುದು ಓದುವುದರಿಂದಲ್ಲ. ಪ್ರತಿ ಪತ್ರಿಕೆಯ ಭಾಷೆಯನ್ನು ತಿದ್ದುವುದು, ಒಂದೇ ತಪ್ಪನ್ನು ನಲವತ್ತು ಜನರಿಗೆ ನಲವತ್ತು ಸಲ ವಿವರಿಸುವುದು, ಅಂಕ ಕೊಟ್ಟ ಮೇಲೆ ಅನುಮಾನ ಬಂದು ಹಿಂದಿನದನ್ನು ಮತ್ತೆ ತೆರೆಯುವುದು, ಸಮಯ ಹೋಗುವುದು ಇಲ್ಲಿ. ಮೊದಲು ಹತ್ತು ಪತ್ರಿಕೆಗಳನ್ನು ಅಂಕ ಹಾಕದೆ ಓದಿ. ಪದೇ ಪದೇ ಬರುವ ಎಂಟು ಹತ್ತು ತಪ್ಪುಗಳಿಗೆ ಸಂಖ್ಯೆ ಕೊಟ್ಟು, ಪ್ರತಿಯೊಂದಕ್ಕೂ ಎರಡು ಮೂರು ವಾಕ್ಯಗಳ ವಿವರಣೆ ಬರೆದ ಒಂದು ಹಾಳೆ ಮಾಡಿ. ಆಮೇಲೆ ಅಂಚಿನಲ್ಲಿ ಸಂಖ್ಯೆ ಹಾಕಿದರೆ ಸಾಕು, ಹಾಳೆಯನ್ನು ಎಲ್ಲರಿಗೂ ಕೊಡಿ. ಅಂಕಗಳನ್ನು ನಾಲ್ಕು ಅಂಶಗಳಿಗೆ ಹಂಚಿ, ಪ್ರತಿ ಅಂಶಕ್ಕೆ ಪೂರ್ಣ, ಅರ್ಧ, ಸೊನ್ನೆ ಎಂದರೇನು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡರೆ ಹಿಂತಿರುಗಿ ನೋಡುವ ಚಡಪಡಿಕೆ ತಗ್ಗುತ್ತದೆ. ಅಂಕ ಪ್ರಶ್ನಿಸಿ ಬರುವ ವಿದ್ಯಾರ್ಥಿಗಳೂ ಕಡಿಮೆಯಾಗುತ್ತಾರೆ, ಏಕೆಂದರೆ ಮಾನದಂಡ ಅವರ ಕೈಯಲ್ಲೂ ಇರುತ್ತದೆ. ಎರಡು ಅಸೈನ್‌ಮೆಂಟ್‌ಗಳಲ್ಲಿ ಒಂದನ್ನು ಇದೇ ಮಾನದಂಡ ಹಿಡಿದು ತರಗತಿಯಲ್ಲೇ ಪರಸ್ಪರ ಓದಿಸಿ ತಿದ್ದಿಸಿದರೆ ನೂರು ಜನರಿಗೆ 25 ಗಂಟೆ ಉಳಿಯುತ್ತದೆ. ಕಲಿಕೆಯ ದೃಷ್ಟಿಯಿಂದಲೂ ಇದು ನಷ್ಟವಲ್ಲ.

ಹೊಸ ಕೋರ್ಸಿನ ತಯಾರಿ ತರಗತಿಯ ಗಂಟೆ ಬಡಿಯುವವರೆಗೂ ಹಿಗ್ಗುತ್ತದೆ. ಹೊಸದಾಗಿ ಸೇರಿದ ಅಧ್ಯಾಪಕರನ್ನು ದೀರ್ಘಕಾಲ ಗಮನಿಸಿದ ರಾಬರ್ಟ್ ಬಾಯ್ಸ್, ಅವರಲ್ಲಿ ಹೆಚ್ಚಿನವರು ಅಗತ್ಯಕ್ಕಿಂತ ಹೆಚ್ಚು ತಯಾರಿ ಮಾಡಿಕೊಂಡು, ಬರೆದುಕೊಂಡದ್ದನ್ನೆಲ್ಲ ಹೇಳಿ ಮುಗಿಸುವ ಆತುರದಲ್ಲಿ ಪಾಠವನ್ನೇ ಕೆಡಿಸುವುದನ್ನು ಕಂಡರು. ಒಂದಕ್ಕೆ ಎರಡು ಎಂಬ ಮಿತಿ ಹಾಕಿಕೊಂಡರೆ 48 ಗಂಟೆ ಉಳಿಯುತ್ತದೆ. ಮೊದಲ ವರ್ಷ ಒಳ್ಳೆಯ ಪಠ್ಯಪುಸ್ತಕವೊಂದರ ಕ್ರಮವನ್ನೇ ಹಿಡಿಯಿರಿ, ಒಂದು ತರಗತಿಗೆ ಮೂರು ಮುಖ್ಯ ವಿಚಾರ, ಎರಡು ಉದಾಹರಣೆ, ಒಂದು ಪ್ರಶ್ನೆ. ತರಗತಿ ಮುಗಿದ ಕೂಡಲೇ ಹತ್ತು ನಿಮಿಷ ಕೂತು ಎಲ್ಲಿ ಮುಖಗಳು ಬಾಡಿದವು, ಯಾವ ಉದಾಹರಣೆ ಕೆಲಸ ಮಾಡಿತು ಎಂದು ಬರೆದಿಟ್ಟರೆ ಮುಂದಿನ ವರ್ಷದ ಹೊರೆ ನಿಜವಾಗಿಯೂ ಇಳಿಯುತ್ತದೆ.

ಮಾರ್ಗದರ್ಶನದಲ್ಲಿ, ಒಂದು ವಾರ ಈಗಿನಂತೆಯೇ ಪ್ರತ್ಯೇಕ ಭೇಟಿ ಮತ್ತು ಓದು, ಮರುವಾರ ನಾಲ್ವರಿಗೂ ಸೇರಿ ಒಂದೂವರೆ ಗಂಟೆಯ ಗುಂಪು ಭೇಟಿ ಮತ್ತು ಒಟ್ಟು ಎರಡು ಗಂಟೆ ಓದು ಎಂದು ಬದಲಿಸಿದರೆ 128 ಗಂಟೆ 92ಕ್ಕೆ ಬರುತ್ತದೆ. ಸಂಶೋಧಕರು ಒಬ್ಬರ ಕರಡನ್ನು ಒಬ್ಬರು ಓದುವ ಅಭ್ಯಾಸವೂ ಬೆಳೆಯುತ್ತದೆ. ತೀರಾ ಆರಂಭದಲ್ಲಿರುವವರಿಗೆ ಮತ್ತು ಪ್ರಬಂಧ ಸಲ್ಲಿಸುವ ಹಂತದವರಿಗೆ ಮಾತ್ರ ಪ್ರತಿವಾರದ ಭೇಟಿ ತಪ್ಪಿಸಬಾರದು. ಅಲ್ಲಿ ಉಳಿಸಿದ ಒಂದು ಗಂಟೆ ಮುಂದೆ ಹತ್ತು ಗಂಟೆ ತಿನ್ನುತ್ತದೆ.

ರಿವ್ಯೂಗೆ ಒಂದು ನ್ಯಾಯವಾದ ಅಳತೆ ಇದೆ. ನೀವು ಕಳಿಸುವ ಪ್ರತಿ ಪೇಪರನ್ನು ಎರಡು ಮೂರು ಜನ ಓದುತ್ತಾರೆ. ಮೂರು ಎಂದಿಟ್ಟುಕೊಂಡು, ನಿಮ್ಮನ್ನೂ ಸೇರಿಸಿ ಒಟ್ಟು ಲೇಖಕರ ಸಂಖ್ಯೆಯಿಂದ ಭಾಗಿಸಿದರೆ ನೀವು ತೀರಿಸಬೇಕಾದ ಋಣ ಸಿಗುತ್ತದೆ. ಅಷ್ಟು ಮಾಡಿದ ಮೇಲೆ ಬಂದ ಕೋರಿಕೆಗೆ ಎರಡು ದಿನದೊಳಗೆ "ಆಗುವುದಿಲ್ಲ" ಎಂದು ತಿಳಿಸಿ ಇನ್ನಿಬ್ಬರ ಹೆಸರು ಸೂಚಿಸುವುದು, ಒಪ್ಪಿಕೊಂಡು ಎರಡು ತಿಂಗಳು ಸತಾಯಿಸುವುದಕ್ಕಿಂತ ಎಷ್ಟೋ ವಾಸಿ. ನಾಲ್ಕರ ಬದಲು ಎರಡಾದರೆ 12 ಗಂಟೆ. ಮೇಲ್‌ಗೆ ದಿನಕ್ಕೆ 25 ನಿಮಿಷದ ಎರಡು ಅವಧಿ ಇಟ್ಟರೆ ಇನ್ನೊಂದು 13.

ಇವೆಲ್ಲ ಕೂಡಿ 134 ಗಂಟೆ ಉಳಿತಾಯ. 878 ಹೋಗಿ 744 ಆಯಿತು, ವಾರಕ್ಕೆ 46 ಗಂಟೆ 30 ನಿಮಿಷ. ಮನೆಯ ಕಡೆಯ ಲೆಕ್ಕದಲ್ಲಿ 8 ಇದ್ದದ್ದು 16 ಗಂಟೆ 30 ನಿಮಿಷವಾಯಿತು. ಇದು ಸಣ್ಣದೇನಲ್ಲ. ಆದರೆ ಇದಕ್ಕಿಂತ ಕೆಳಗೆ ಇಳಿಯಬೇಕಾದರೆ ಒಂದು ಕೋರ್ಸೋ ಒಂದು ಸಮಿತಿಯೋ ಹೋಗಬೇಕು, ಅದನ್ನು ಬಿಡಿಸುವ ಅಧಿಕಾರ ಬೇರೆಯವರ ಕೈಯಲ್ಲಿದೆ. ವ್ಯಕ್ತಿಯೊಬ್ಬರು ಒಂಟಿಯಾಗಿ ಮಾಡಬಹುದಾದ ಸುಧಾರಣೆಯ ಮಿತಿ ಸುಮಾರಾಗಿ ಇಲ್ಲಿಗೇ.

ವಿಭಾಗದ ಪಾಲು

"ಇದನ್ನು ಯಾರು ನೋಡಿಕೊಳ್ಳುತ್ತೀರಿ?" ಎಂದು ಮೀಟಿಂಗ್‌ನಲ್ಲಿ ಕೇಳಿದರೆ ಪ್ರತಿ ಸಲ ಅದೇ ಇಬ್ಬರು ಮೂವರು ಒಪ್ಪಿಕೊಳ್ಳುತ್ತಾರೆ. ಬಡ್ತಿಗೆ ಲೆಕ್ಕಕ್ಕೆ ಬಾರದ ಇಂಥ ಕೆಲಸಗಳಿಗೆ ಹೆಂಗಸರನ್ನು ಹೆಚ್ಚು ಕೇಳಲಾಗುತ್ತದೆ, ಅವರು ಒಪ್ಪುವುದೂ ಹೆಚ್ಚು ಎಂದು ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಪರಿಹಾರ ಸರಳ: ಸರದಿ ಪಟ್ಟಿ. ಯಾರನ್ನೂ ಕೇಳುವುದಿಲ್ಲ, ಸರದಿ ಬಂದವರು ಮಾಡುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಎಲ್ಲರಿಗೂ ಕಾಣುವ ಹೊರೆಪಟ್ಟಿ. ಒಂದೇ ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಕೋರ್ಸ್, ವಿದ್ಯಾರ್ಥಿಗಳ ಸಂಖ್ಯೆ, ಸಂಶೋಧಕರ ಸಂಖ್ಯೆ, ಸಮಿತಿ, ಹೊಸ ಕೋರ್ಸ್ ಇದೆಯೇ ಎಂಬುದು, ಮತ್ತು ಇವೆಲ್ಲದರ ಗಂಟೆಗಳು. ಇಂಥ ಪಟ್ಟಿ ಕೆಡುವುದು ಎರಡು ಕಡೆ. ವಿದ್ಯಾರ್ಥಿಗಳ ಸಂಖ್ಯೆ ಬಿಟ್ಟು ಕೋರ್ಸ್ ಮಾತ್ರ ಎಣಿಸಿದರೆ 20 ಜನರ ತರಗತಿಯೂ 120 ಜನರ ತರಗತಿಯೂ ಸಮನಾಗಿಬಿಡುತ್ತವೆ. ಅಳುತ್ತಾ ಬರುವ ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸುವ ಕೆಲಸಕ್ಕೆ ಅಂಕಣವೇ ಇಲ್ಲದಿದ್ದರೆ ಅದನ್ನು ಮಾಡುವವರು ಪಟ್ಟಿಯಲ್ಲಿ ಬಿಡುವಿರುವವರಂತೆ ಕಾಣುತ್ತಾರೆ. ಪಟ್ಟಿ ಇದ್ದಾಗ ಒಬ್ಬ ಕಿರಿಯ ಅಧ್ಯಾಪಕಿ ಮುಖ್ಯಸ್ಥರ ಮುಂದೆ ಹೀಗೆ ಕೇಳಬಹುದು: "ಸರ್, ಈಗಾಗಲೇ ಎರಡು ಸಮಿತಿಗಳಿವೆ. ಇದನ್ನು ತೆಗೆದುಕೊಂಡರೆ ಅವೆರಡರಲ್ಲಿ ಯಾವುದನ್ನು ಬಿಡಲಿ?" ಪಟ್ಟಿ ಇಲ್ಲದಿರುವಾಗ ಇದೇ ಮಾತು ಉದ್ಧಟತನದಂತೆ ಕೇಳಿಸುತ್ತದೆ.

ಒಂದು ಕೋರ್ಸನ್ನು ಒಬ್ಬರಿಗೇ ಕನಿಷ್ಠ ಮೂರು ವರ್ಷ ಕೊಡುವುದು, ಹೊಸಬರಿಗೆ ಒಂದೇ ವರ್ಷದಲ್ಲಿ ಎರಡು ಹೊಸ ಕೋರ್ಸ್ ಕೊಡದಿರುವುದು, ಮುಖ್ಯಸ್ಥರು ರಾತ್ರಿ ಬರೆದ ಮೇಲನ್ನು ಬೆಳಿಗ್ಗೆ ಹೋಗುವಂತೆ ಹೊಂದಿಸಿಡುವುದು. ಇವಕ್ಕೆ ಖರ್ಚಿಲ್ಲ.

ಪಿಎಚ್‌.ಡಿ. ವಿದ್ಯಾರ್ಥಿಗಳ ಸ್ಥಿತಿ

ಇವರ ಕಷ್ಟ ಗಂಟೆಗಳಿಂದ ಮಾತ್ರ ಹುಟ್ಟಿದ್ದಲ್ಲ. ಕತೀಯಾ ಲೆವೆಕ್ ಮತ್ತು ಸಂಗಡಿಗರು ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ 3,659 ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶೇ 32ರಷ್ಟು ಮಂದಿ ಖಿನ್ನತೆಯಂಥ ಮಾನಸಿಕ ಸಮಸ್ಯೆಯ ಅಪಾಯದಲ್ಲಿದ್ದರು. ಅದಕ್ಕೆ ತಳಕು ಹಾಕಿಕೊಂಡಿದ್ದ ಅಂಶಗಳಲ್ಲಿ ಕೆಲಸ ಮತ್ತು ಮನೆಯ ತಿಕ್ಕಾಟ, ಕೆಲಸದ ಹೊರೆ, ತಮ್ಮ ಕೆಲಸದ ಮೇಲೆ ಹಿಡಿತ ಇಲ್ಲದಿರುವುದು, ಗೈಡ್ ನಡೆಸಿಕೊಳ್ಳುವ ರೀತಿ ಪ್ರಮುಖವಾದವು. ಗೈಡ್ ಕೈಯಲ್ಲಿ ಮುಂದಿನ ಬದುಕು ಇರುವಾಗ ಅನಿಶ್ಚಿತತೆಯೇ ದೊಡ್ಡ ಹೊರೆ. ಮೊದಲ ತಿಂಗಳಲ್ಲೇ ನಾಲ್ಕು ವಿಷಯ ಬರೆದಿಟ್ಟುಕೊಂಡರೆ ಅದು ಬಹಳ ಇಳಿಯುತ್ತದೆ: ಭೇಟಿ ಎಷ್ಟು ದಿನಕ್ಕೊಮ್ಮೆ, ಕೊಟ್ಟ ಕರಡು ಎಷ್ಟು ದಿನದಲ್ಲಿ ಹಿಂದಿರುಗುತ್ತದೆ (ಎರಡು ವಾರ ಸರಿಯಾದ ಮಿತಿ), ಪೇಪರಿನಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ, ವರ್ಷಕ್ಕೆ ಎಷ್ಟು ದಿನ ರಜೆ.

ರಜೆ ಹಾಕಿದರೂ ದಣಿವು ಇಳಿಯದಿದ್ದರೆ

ಸಬೀನೆ ಸೊನೆಂಟಾಗ್ ಮತ್ತು ಶಾರ್ಲೊಟೆ ಫ್ರಿಟ್ಸ್ 2007ರಲ್ಲಿ ಚೇತರಿಕೆಯ ನಾಲ್ಕು ಅನುಭವಗಳನ್ನು ಗುರುತಿಸಿದರು: ಕೆಲಸದಿಂದ ಮನಸ್ಸು ಪೂರ್ತಿ ಕಳಚಿಕೊಳ್ಳುವುದು, ನಿರಾಳತೆ, ಬೇರೇನನ್ನಾದರೂ ಕಲಿತು ಪಳಗುವುದು, ಆ ಹೊತ್ತು ತನ್ನದೆಂಬ ಸ್ವಾತಂತ್ರ್ಯ. ಕಳಚಿಕೊಳ್ಳುವುದೇ ಅಧ್ಯಾಪಕರಿಗೆ ಅತಿ ಕಷ್ಟ. ಸೋಫಾ ಮೇಲೆ ಮಲಗಿ ರಿವ್ಯೂಗೆ ಉತ್ತರ ಯೋಚಿಸುತ್ತಿರುವ ಹೊತ್ತು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ. ಮುಗಿಯದ ಕೆಲಸಕ್ಕೆ ಯಾವಾಗ, ಎಲ್ಲಿ, ಹೇಗೆ ಎಂಬ ಖಚಿತ ಯೋಜನೆ ಬರೆದಿಟ್ಟರೆ ಅದು ತಲೆಯೊಳಗೆ ಕಾಡುವುದು ತಗ್ಗುತ್ತದೆ ಎಂದು ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ. ಕೆಲಸ ಮುಗಿಸುವ ಮುಂಚಿನ ಹತ್ತು ನಿಮಿಷವನ್ನು ಇದಕ್ಕೆ ಇಡಿ. ಫೋನಿನಿಂದ ಕೆಲಸದ ಮೇಲ್ ತೆಗೆದುಹಾಕುವುದು ಇದರ ಇನ್ನೊಂದು ಅರ್ಧ. ನಾಲ್ಕು ದಿನ ರಜೆಯಲ್ಲಿ ದಿನಕ್ಕೊಮ್ಮೆ ಮೇಲ್ ನೋಡುವುದಕ್ಕಿಂತ ಎರಡೇ ದಿನ ಒಮ್ಮೆಯೂ ನೋಡದಿರುವುದು ಮೇಲು.

ವೈದ್ಯರ ಬಳಿ ಯಾವಾಗ

ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಎಲ್ಲವೂ ಹೀಗೆಯೇ ಸುಸ್ತು ಮಾಡುತ್ತವೆ. ತಿಂಗಳು ಕಳೆದರೂ ಇಳಿಯದ ದಣಿವಿಗೆ ಬರ್ನ್‌ಔಟ್ ಎಂದು ಹೆಸರಿಟ್ಟು ಸುಮ್ಮನಾಗುವ ಮುಂಚೆ ಪರೀಕ್ಷೆ ಮಾಡಿಸಬೇಕು. ಬೇಸರ ಕೆಲಸಕ್ಕೆ ಸೀಮಿತವಾಗಿರದೆ ಎಲ್ಲದಕ್ಕೂ ಹಬ್ಬಿ, ಎರಡು ವಾರ ಬಹುತೇಕ ಪ್ರತಿದಿನ ಮಂಕು ಕವಿದಿದ್ದರೆ ಅದು ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅದೇ ದಿನ ಒಬ್ಬರಿಗೆ ಹೇಳಿ, ಅದೇ ದಿನ ವೈದ್ಯರನ್ನು ಕಾಣಬೇಕು.

ದೀರ್ಘ ರಜೆಯಿಂದ ಮರಳಿದವರು ಮತ್ತೆ ಕುಸಿಯುವುದು ಹೆಚ್ಚಾಗಿ ಬಾಕಿ ಕೆಲಸದ ರಾಶಿಯಿಂದ. ಮರಳುವ ಮುಂಚೆಯೇ ಮುಖ್ಯಸ್ಥರ ಜೊತೆ ಕೂತು ಬಾಕಿಯಲ್ಲಿ ಯಾವುದು ರದ್ದು, ಯಾವುದು ಬೇರೆಯವರಿಗೆ, ಯಾವುದು ಮಾತ್ರ ಉಳಿಯಿತು ಎಂದು ಬರೆದುಕೊಳ್ಳಬೇಕು. ರಜೆಯಲ್ಲಿ ಬಂದ ಮೇಲ್‌ಗಳನ್ನು ಒಂದು ಫೋಲ್ಡರ್‌ಗೆ ತಳ್ಳಿ, ನಿಜವಾಗಿ ಬೇಕಾದವರು ಮತ್ತೆ ಬರೆಯಲಿ ಎಂದು ತಿಳಿಸಬಹುದು. ಮೊದಲು ಹಳೆಯ ಕೋರ್ಸೊಂದು ಮತ್ತು ಒಂದಿಬ್ಬರು ಸಂಶೋಧಕರು. ಆರು ವಾರದ ಬಳಿಕ ಬರವಣಿಗೆಯ ಎರಡು ಅವಧಿ. ಸಮಿತಿಗಳು ಎಲ್ಲಕ್ಕಿಂತ ಕೊನೆಗೆ, ಮುಂದಿನ ಸೆಮಿಸ್ಟರ್‌ನಲ್ಲಿ. ಆ ಆರು ವಾರಗಳಲ್ಲಿ ನಿದ್ದೆ ಮತ್ತೆ ಆರು ಗಂಟೆಗೆ ಇಳಿಯಿತೆಂದರೆ ಮುಂದಿನ ಹಂತವನ್ನು ಒಂದು ತಿಂಗಳು ಮುಂದೂಡಬೇಕು.